ಮಳೆಯಲ್ಲಿ ನೆನೆಯದ ಮನೆ: ಮಾದರಿಗೆ ಕಲ್ಲು, ಹೆಂಚು, ಗಾರೆ ಆರಿಸುವುದು ಹೇಗೆ?

ಕರಡುಹಾಳೆ (ಹಾಸನ), ಜೂನ್ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಕ್ಷೆ ಬಿಡಿಸುವುದರಿಂದ ಹಿಡಿದು ಮೂರು ಆಯಾಮದ ಚಿತ್ರ ತೆಗೆಯುವವರೆಗೆ ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ಈಗ ಕೈಯಲ್ಲಿರುವುದು ಸಕಲೇಶಪುರದ ಆಚೆ ಕಾಫಿ ತೋಟದ ನಡುವೆ ಕಟ್ಟಲಿರುವ ಐದು ಕೋಣೆಗಳ ಹೋಂಸ್ಟೇ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮಂಗಳೂರು ಹೆಂಚಿನ ಮಾಡು, ಜಗಲಿಗೆ ರೆಡ್ ಆಕ್ಸೈಡ್ ನೆಲ, ಮೆಟ್ಟಿಲಿಗೆ ಕರಿಕಲ್ಲು. ಸ್ಕೆಚ್‌ಅಪ್ ತಂತ್ರಾಂಶದಲ್ಲಿ ಮಾದರಿ ಕಟ್ಟಿ, ಬ್ಲೆಂಡರ್ ತಂತ್ರಾಂಶಕ್ಕೆ ತಂದು ರೆಂಡರ್ ಮಾಡುತ್ತಿದ್ದೇನೆ, ಅಂದರೆ ಮಾದರಿಯಿಂದ ಫೋಟೋದಂಥ ಚಿತ್ರ ತೆಗೆಯುತ್ತಿದ್ದೇನೆ.

ಕಳೆದ ವಾರ ತೋಟದ ಯಜಮಾನರಿಗೆ ಮೊದಲ ಚಿತ್ರ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಚೆನ್ನಾಗಿದೆಯಪ್ಪಾ. ಆದರೆ ಈ ಮನೆ ನಮ್ಮ ಮಳೆಯಲ್ಲಿ ಒಂದು ದಿನವೂ ನೆನೆದ ಹಾಗಿಲ್ಲ" ಎಂದರು. ಹಿಂದೆ ನಿಂತಿದ್ದ ಅವರ ಸೊಸೆ ಇನ್ನೂ ನೇರ: "ಬಿಸ್ಕತ್ತಿನಲ್ಲಿ ಕಟ್ಟಿದ ಹಾಗಿದೆ."

ಟೆಕ್ಸ್ಚರ್‌ಗಳೆಲ್ಲ (ಮಾದರಿಯ ಮೈಗೆ ಹೊದಿಸುವ ಕಲ್ಲು, ಹೆಂಚುಗಳ ಚಿತ್ರಗಳು) ಪಾಲಿ ಹೇವನ್ ಮತ್ತು ಆ್ಯಂಬಿಯೆಂಟ್ ಸಿಜಿ ಜಾಲತಾಣಗಳಿಂದ ಇಳಿಸಿಕೊಂಡವು. ಎರಡೂ ಕಡೆ ಉಚಿತ, ಯಾರ ಅನುಮತಿಯೂ ಬೇಡ. ಗುಣಮಟ್ಟದಲ್ಲಿ ರಾಜಿ ಬೇಡವೆಂದು ಎಲ್ಲವನ್ನೂ 8ಕೆ (8192 ಪಿಕ್ಸೆಲ್ ಅಗಲ) ಗಾತ್ರದಲ್ಲೇ ತೆಗೆದುಕೊಂಡೆ. ನನ್ನ ಗ್ರಾಫಿಕ್ಸ್ ಕಾರ್ಡಿನಲ್ಲಿರುವುದು 4 ಜಿಬಿ. ಎರಡು ಸಲ ಕಂಪ್ಯೂಟರ್ ನಿಂತೇಹೋಯಿತು. ಹೊರಗಿನ ನೋಟ ಮತ್ತು ಜಗಲಿಯ ಒಳನೋಟ, ಎರಡು ಚಿತ್ರ ಲಗತ್ತಿಸಿದ್ದೇನೆ, ಜೊತೆಗೆ ನಕ್ಷೆ ಮತ್ತು ಒಂದೊಂದು ವಸ್ತುವಿಗೆ ಕೊಟ್ಟ ಅಂಕಿಗಳ ಪಟ್ಟಿ. ತಪ್ಪು ಎಲ್ಲಿದೆ ಹೇಳಿ. ದಾಕ್ಷಿಣ್ಯ ಬೇಡ.

ತೂಗುಗುಂಡು (ಚಿಕ್ಕಮಗಳೂರು), ಜೂನ್ 8, ರಾತ್ರಿ 10:25

ನನಗೆ ಬ್ಲೆಂಡರ್ ಎಂದರೆ ಚಟ್ನಿ ರುಬ್ಬುವ ಯಂತ್ರ. ಆದರೆ ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುತ್ತಿರುವುದರಿಂದ ಚಿತ್ರದಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದನ್ನು ಹೇಳುತ್ತೇನೆ.

ಮೊದಲು ಮಾಡು. ಎದುರಿನ ಸೂರಿನ ಉದ್ದ 24 ಅಡಿ ಎಂದು ನಕ್ಷೆಯಲ್ಲೇ ಬರೆದಿದ್ದೀರಿ. ಚಿತ್ರ ಹಿಗ್ಗಿಸಿ ಹೆಂಚು ಎಣಿಸಿದೆ. ಒಂದು ಸಾಲಿಗೆ 18 ಇವೆ. ಅಂದರೆ ಒಂದೊಂದು ಹೆಂಚು 16 ಇಂಚು ಅಗಲ! ಮಂಗಳೂರು ಹೆಂಚು ಉದ್ದದಲ್ಲಿ ಸುಮಾರು 16 ಇಂಚು, ಅಗಲದಲ್ಲಿ ಒಂಬತ್ತೂ ಕಾಲು, ಒಂಬತ್ತೂವರೆ. ಒಂದರ ಮೇಲೊಂದು ಕಚ್ಚಿ ಕೂತ ಮೇಲೆ ಹೊರಗೆ ಕಾಣುವುದು ಅಗಲದಲ್ಲಿ ಎಂಟು ಇಂಚು, ಉದ್ದದಲ್ಲಿ ಹನ್ನೆರಡೂವರೆ, ಹದಿಮೂರು. ನಿಮ್ಮ ಸಾಲಿನಲ್ಲಿ 36 ಹೆಂಚು ಇರಬೇಕಿತ್ತು. ಹೆಂಚು ಎರಡು ಪಟ್ಟು ದೊಡ್ಡದಾದರೆ ಮನೆ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. ಆ ಹೆಣ್ಣುಮಗಳು ಬಿಸ್ಕತ್ತು ಎಂದದ್ದು ಬಣ್ಣಕ್ಕಲ್ಲ, ಇದಕ್ಕೇ ಇರಬೇಕು. ಹೆಂಚಿನ ಅಳತೆ ನೋಡುವವರಿಗೆ ಬಾಯಿಪಾಠ ಇರುವುದಿಲ್ಲ ನಿಜ. ಆದರೆ ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದವರ ಕಣ್ಣಿಗೆ ಅದು ಗೊತ್ತು.

ನಮ್ಮ ಲೆಕ್ಕವೂ ಇದೇ. ಒಂದು ಚದರ (ನೂರು ಚದರಡಿ) ಮಾಡಿಗೆ 140ರಿಂದ 150 ಹೆಂಚು. ನಿಮ್ಮ ಚಿತ್ರದ ಪ್ರಕಾರ ತರಿಸಿದರೆ ಅರ್ಧ ಮಾಡು ಬಯಲು.

ಎರಡನೆಯದು ಕಿಟಕಿ. ಐದಡಿ ಅಗಲದ ಕಿಟಕಿಯ ಮೇಲೆ ಜಂಬಿಟ್ಟಿಗೆ ಸಾಲು ಏನೂ ಆಗದವರ ಹಾಗೆ ಸಾಗಿದೆ. ಲಿಂಟಲ್ ಇಲ್ಲ, ಕಮಾನು ಇಲ್ಲ, ಕಲ್ಲಿನ ತೊಲೆಯೂ ಇಲ್ಲ. ಆ ಕಲ್ಲುಗಳು ಯಾರನ್ನು ನಂಬಿ ನಿಂತಿವೆ?

ಮೂರನೆಯದು ಮೂಲೆ. ಎಡಗೋಡೆಯ ಸಾಲು ಮೂಲೆಗೆ ಬಂದು ನಿಲ್ಲುತ್ತದೆ, ಬಲಗೋಡೆಯ ಸಾಲು ನಾಲ್ಕು ಇಂಚು ಕೆಳಗಿನಿಂದ ಶುರುವಾಗುತ್ತದೆ. ಮೂಲೆಯಲ್ಲಿ ಒಂದು ಸಾಲು ಉದ್ದ ಕಲ್ಲು ಆ ಕಡೆಗೆ, ಮುಂದಿನ ಸಾಲು ಈ ಕಡೆಗೆ, ಹೀಗೆ ಕಚ್ಚಿಕೊಂಡು ಹೋಗಬೇಕು. ಇಲ್ಲದಿದ್ದರೆ ಅದು ಗೋಡೆಯಲ್ಲ, ಗೋಡೆಗೆ ಅಂಟಿಸಿದ ಕಾಗದ.

ಮಳೆಬೆಳಕು (ಮೂಡಿಗೆರೆ, ಸದ್ಯ ಬೆಂಗಳೂರು), ಜೂನ್ 9, ಬೆಳಿಗ್ಗೆ 7:15

ತೂಗುಗುಂಡು ಅಣ್ಣ ಅರ್ಧ ಕೆಲಸ ಮುಗಿಸಿದ್ದಾರೆ. ರೆಂಡರ್ ಮಾಡಿಯೇ ಹೊಟ್ಟೆ ಹೊರೆಯುವವನಾಗಿ ಉಳಿದದ್ದನ್ನು ನಾನು ಹೇಳುತ್ತೇನೆ.

ಅವರ ಅಳತೆಯನ್ನು ಟೆಕ್ಸ್ಚರ್‌ಗೆ ಇಳಿಸುವುದು ಹೀಗೆ. ನಿಮ್ಮ ಹೆಂಚಿನ ಚಿತ್ರದಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಮೂರು ಹೆಂಚುಗಳಿವೆ ಎಂದುಕೊಳ್ಳಿ. ಕಾಣುವ ಭಾಗ ಒಂದಕ್ಕೆ 20 ಸೆಂ.ಮೀ. ಅಗಲ, 32 ಸೆಂ.ಮೀ. ಉದ್ದ. ಆ ಚಿತ್ರ ಮಾಡಿನ ಮೇಲೆ 1 ಮೀಟರ್ ಅಗಲ, 96 ಸೆಂ.ಮೀ. ಉದ್ದಕ್ಕೆ ಕೂರಬೇಕು. ಕಣ್ಣಳತೆಯಲ್ಲಿ ಎಳೆದು ಕೂರಿಸಬೇಡಿ. ಪ್ರತಿ ವಸ್ತುವಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಚಿತ್ರ ನಿಜದಲ್ಲಿ ಎಷ್ಟು ಮೀಟರ್?

8ಕೆ ವಿಚಾರ. 2048 ಪಿಕ್ಸೆಲ್‌ಗಳ (2ಕೆ) ಚಿತ್ರ 2 ಮೀಟರ್ ಗೋಡೆಯನ್ನು ಮುಚ್ಚಿದರೆ ಒಂದು ಪಿಕ್ಸೆಲ್‌ಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಿಮ್ಮ ಹೊರನೋಟ 1920 ಪಿಕ್ಸೆಲ್ ಅಗಲವಿದೆ, ಅದರಲ್ಲಿ ಕಾಣುವುದು ಹತ್ತಿರ ಹತ್ತಿರ 12 ಮೀಟರ್. ಅಲ್ಲಿಗೆ ಒಂದು ಪಿಕ್ಸೆಲ್‌ಗೆ 6 ಮಿ.ಮೀ. ಗೋಡೆಯ 8ಕೆ ಚಿತ್ರದಲ್ಲಿರುವ ಸೂಕ್ಷ್ಮವೆಲ್ಲ ಯಾರ ಕಣ್ಣಿಗೂ ಬೀಳದೆ ಹಾಳು. ಖರ್ಚು ಮಾತ್ರ ಪೂರ್ತಿ. 8ಕೆ ಚಿತ್ರವೊಂದು ಸಂಕುಚಿಸದೆ ಮೆಮೊರಿಯಲ್ಲಿ 256 ಎಂಬಿ. ಬಣ್ಣ, ರಫ್‌ನೆಸ್ (ಒರಟುತನ), ನಾರ್ಮಲ್ (ಮೇಲ್ಮೈಯ ಉಬ್ಬುತಗ್ಗು) ಎಂದು ಒಂದು ವಸ್ತುವಿಗೆ ಐದು ಚಿತ್ರ ಹಾಕಿದರೆ 1.25 ಜಿಬಿ. ನಾಲ್ಕು ವಸ್ತುಗಳಿಗೆ 5 ಜಿಬಿ. ನಿಮ್ಮ ಕಾರ್ಡ್ ನಿಂತುಹೋದದ್ದು ಅದರ ತಪ್ಪಲ್ಲ. 2ಕೆ ಸಾಕು, ಜಗಲಿಯ ನೆಲಕ್ಕೆ ಬೇಕಾದರೆ 4ಕೆ.

ಇನ್ನು ಬಣ್ಣ. ನಿಮ್ಮ ಬಿಳಿ ಗೋಡೆಗೆ 255 ಕೊಟ್ಟಿದ್ದೀರಿ (ಸೊನ್ನೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ). ಅಷ್ಟು ಬಿಳಿಯ ವಸ್ತು ಜಗತ್ತಿನಲ್ಲಿಲ್ಲ. ಹೊಸದಾಗಿ ಬಳಿದ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 80 ಹಿಂದಿರುಗಿಸುತ್ತದೆ. ಅದು 230ರ ಆಸುಪಾಸು. ಇದ್ದಿಲು ಕೂಡ ಸೊನ್ನೆಯಲ್ಲ, 50ರ ಸುತ್ತಮುತ್ತ. ನಿಮ್ಮ ಕರಿಕಲ್ಲಿಗೆ 5 ಕೊಟ್ಟಿದ್ದೀರಿ. ಮೆಟ್ಟಿಲು ಬಾವಿಯ ಹಾಗೆ ಕಾಣುತ್ತಿರುವುದು ಅದಕ್ಕೇ.

ಮೆಟಾಲಿಕ್ ಎಂಬ ಗುಂಡಿ ಲೋಹಕ್ಕೆ ಮಾತ್ರ. ಲೋಹವಾದರೆ 1, ಅಲ್ಲವಾದರೆ 0. ಹೆಂಚಿಗೆ 0.3 ಕೊಟ್ಟಿರುವುದನ್ನು ನೋಡಿ ನಕ್ಕೆ, ಕ್ಷಮಿಸಿ. ನಾನೂ ಮೊದಲ ವರ್ಷ ಹೊಳಪು ಬೇಕಾದಾಗಲೆಲ್ಲ ಅದನ್ನೇ ತಿರುಗಿಸುತ್ತಿದ್ದೆ.

ತೆಂಗಿನಗರಿ (ಅರಸೀಕೆರೆ), ಜೂನ್ 9, ಬೆಳಿಗ್ಗೆ 8:02

ಹಾಸನ ಜಿಲ್ಲೆ ಎಂದರೆ ಎಲ್ಲರಿಗೂ ಸಕಲೇಶಪುರದ ಪಾಚಿಯೇ ನೆನಪಾಗುತ್ತದೆ. ನಮ್ಮ ಕಡೆ ಬನ್ನಿ. ಇಲ್ಲಿ ಗೋಡೆಯ ಮೇಲೆ ಕೂರುವುದು ಧೂಳು. ಕಿಟಕಿಯ ಸಜ್ಜೆಯ ಮೇಲೆ ದಪ್ಪ, ಗೋಡೆಯ ನಡುವೆ ತೆಳು, ಹಸು ಮೈ ಉಜ್ಜುವ ಎತ್ತರದಲ್ಲಿ ಒಂದು ನುಣುಪು ಪಟ್ಟೆ. ಒಂದೇ ಜಿಲ್ಲೆಯ ಎರಡು ತುದಿಗೆ ಒಂದೇ ಟೆಕ್ಸ್ಚರ್ ಆಗುವುದಿಲ್ಲ ಎಂದಷ್ಟೇ ಹೇಳಿ ಹೊರಟೆ, ತೋಟಕ್ಕೆ ನೀರು ಬಿಡಬೇಕು.

ಕರಡುಹಾಳೆ (ಹಾಸನ), ಜೂನ್ 10, ರಾತ್ರಿ 11:10

ಎಲ್ಲರಿಗೂ ಧನ್ಯವಾದ. ಹೆಂಚು ಸರಿಪಡಿಸಿದೆ. ನಂಬುವುದಿಲ್ಲ, ಬೇರೇನೂ ಮುಟ್ಟದೆ ಮನೆ ಇದ್ದಕ್ಕಿದ್ದ ಹಾಗೆ ಬೆಳೆದುನಿಂತಿತು. ಲಿಂಟಲ್ ಹಾಕಿದೆ. ಮೂಲೆಯ ಕಲ್ಲುಗಳನ್ನು ಬೇರೆಯಾಗಿಯೇ ಮಾಡಿದೆ, ಒಂದು ರಾತ್ರಿ ಹಿಡಿಯಿತು.

ಹೊಸ ತೊಂದರೆ. ಜಂಬಿಟ್ಟಿಗೆ ಸಂದುಗಳು ಒಳಗೆ ಹೋಗುವ ಬದಲು ಹೊರಗೆ ಉಬ್ಬಿದ ಹಾಗೆ ಕಾಣುತ್ತವೆ. ರಂಧ್ರಗಳೆಲ್ಲ ಗುಳ್ಳೆಗಳಾಗಿವೆ. ಗೋಡೆಗೆ ಸಿಡುಬು ಎದ್ದ ಹಾಗಿದೆ. ಬೆಳಕನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಿದೆ, ಹೋಗಲಿಲ್ಲ.

ಮಳೆಬೆಳಕು, ಜೂನ್ 10, ರಾತ್ರಿ 11:31

ನಾರ್ಮಲ್ ಮ್ಯಾಪ್ ತಿರುಗುಮುರುಗಾಗಿದೆ. ಅದರಲ್ಲಿ ಎರಡು ಸಂಪ್ರದಾಯ ಇವೆ, ವೈಷ್ಣವರ ನಾಮದ ಹಾಗೆ. ಓಪನ್‌ಜಿಎಲ್ ಬಗೆ ಒಂದು, ಡೈರೆಕ್ಟ್‌ಎಕ್ಸ್ ಬಗೆ ಇನ್ನೊಂದು. ವ್ಯತ್ಯಾಸ ಹಸಿರು ಚಾನೆಲ್‌ನಲ್ಲಿ ಮಾತ್ರ: ಒಂದರಲ್ಲಿ ಮೇಲಾದದ್ದು ಇನ್ನೊಂದರಲ್ಲಿ ಕೆಳಗೆ. ಬ್ಲೆಂಡರ್‌ಗೆ ಬೇಕಾದದ್ದು ಮೊದಲನೆಯದು, ಅನ್‌ರಿಯಲ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಎರಡನೆಯದು. ನೀವು ಇಳಿಸಿದ ಕಡೆ ಎರಡೂ ಇರುತ್ತವೆ. ಕಡತದ ಹೆಸರಿನಲ್ಲಿ ಜಿಎಲ್ ಎಂದಿರುವುದನ್ನು ಹಾಕಿ.

ಹಾಗೆಯೇ ರಫ್‌ನೆಸ್ ಮತ್ತು ನಾರ್ಮಲ್ ಚಿತ್ರಗಳ ಕಲರ್ ಸ್ಪೇಸ್‌ನಲ್ಲಿ ನಾನ್-ಕಲರ್ ಎಂದು ಆರಿಸಿದ್ದೀರಾ ನೋಡಿ. ಅವು ಬಣ್ಣವಲ್ಲ, ಅಂಕಿಗಳು. ಬಣ್ಣವೆಂದು ಬಿಟ್ಟರೆ ತಂತ್ರಾಂಶ ಅವನ್ನು ತಿದ್ದಿ ಓದುತ್ತದೆ, ನೀವು ಕೇಳಿದ ಹೊಳಪು ಒಂದು, ಬರುವುದು ಇನ್ನೊಂದು.

ಕಣದಮನೆ (ಮೂಡಿಗೆರೆ), ಜೂನ್ 11, ಮಧ್ಯಾಹ್ನ 2:20

ಚಿತ್ರ ಮಾಡುವವರ ಮಾತು ಕೇಳಿದೆ, ಕಟ್ಟುವವರ ಮಾತು ಕೇಳಿದೆ. ಚಿತ್ರ ನೋಡಿ ಮನೆ ಕಟ್ಟಿಸಿಕೊಂಡವಳ ಮಾತು ಸ್ವಲ್ಪ ಕೇಳಿ.

ಒಂಬತ್ತು ವರ್ಷದ ಹಿಂದೆ ನಮಗೂ ಇಂಥ ಚಿತ್ರ ತೋರಿಸಿದ್ದರು. ಬಿಳಿ ಗೋಡೆ, ಸೂರು ಒಂದೇ ಅಡಿ, ನೀಲಿ ಆಕಾಶ, ಹಿನ್ನೆಲೆಯಲ್ಲಿ ಯಾವುದೋ ದೇಶದ ಮರ. ಮರುಳಾದೆವು. ಮೊದಲ ಮಳೆಗಾಲದಲ್ಲೇ ಪಡುವಣ ಗೋಡೆಯ ಕೆಳಗಿನ ಎರಡಡಿ ಕೆಂಪಾಯಿತು, ಸೂರಿನ ನೀರು ಅಂಗಳದ ಮಣ್ಣಿಗೆ ಬಿದ್ದು ಸಿಡಿದು. ಎರಡನೆಯ ವರ್ಷ ಎರಚಲು ತಾಗಿದಷ್ಟೂ ಹಸಿರು. ಮೂರನೆಯ ವರ್ಷಕ್ಕೆ ಕಪ್ಪು. ಈಗ ಪ್ರತಿ ಜೂನ್‌ನಲ್ಲಿ ನೀಲಿ ಟಾರ್ಪಾಲ್ ಕಟ್ಟುತ್ತೇವೆ. ನಮ್ಮ ಅತ್ತೆಯ ಕಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಂತೆ, ಅದಾದರೂ ನೋಡಲು ಚೆನ್ನಾಗಿರುತ್ತಿತ್ತು.

ಆದ್ದರಿಂದ ಕರಡುಹಾಳೆಯವರೇ, ನಿಮ್ಮ ಯಜಮಾನರು ಹೇಳಿದ್ದು ಚಿತ್ರದ ಅಂದದ ಮಾತಲ್ಲ ಎಂದು ನನಗೆ ಅನಿಸುತ್ತದೆ. ಅವರು ಆ ಮನೆ ನೆನೆದರೆ ಹೇಗಿರುತ್ತದೆ ಎಂದು ನೋಡಲು ಬಯಸುತ್ತಿದ್ದಾರೆ.

ಇನ್ನೊಂದು, ನಿಮ್ಮ ಜಗಲಿಯ ನೆಲ. ಅಷ್ಟೂ ಒಂದೇ ಸಮ ಹೊಳೆಯುತ್ತಿದೆ. ರೆಡ್ ಆಕ್ಸೈಡ್ ನೆಲ ಹಾಗಿರುವುದಿಲ್ಲ. ಹೊಸ್ತಿಲಿನಿಂದ ಮೆಟ್ಟಿಲಿಗೆ ಜನ ನಡೆಯುವ ದಾರಿ ಕನ್ನಡಿಯಾಗುತ್ತದೆ. ಕಂಬದ ಬುಡ, ಮೂಲೆ, ಮರದ ಬೆಂಚಿನ ಕೆಳಗೆಲ್ಲ ಮಂಕು. ಉಯ್ಯಾಲೆಯ ಕೆಳಗೆ ಕಾಲು ಒತ್ತಿ ತಳ್ಳುವಲ್ಲಿ ಎರಡು ಹೊಳೆಯುವ ಗುರುತು. ಕೆಲಸದವರು ಒಂದೇ ದಿನದಲ್ಲಿ ಮುಗಿಸದಿದ್ದರೆ, ನಿನ್ನೆಯ ಗಾರೆ ಮತ್ತು ಇವತ್ತಿನ ಗಾರೆ ಸೇರುವಲ್ಲಿ ಬಣ್ಣದ ಗೆರೆಯೂ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆ ಗೆರೆ ದೇವರ ಕೋಣೆಯ ಎದುರಿಗೇ ಇದೆ.

ಮಳೆಬೆಳಕು, ಜೂನ್ 11, ಸಂಜೆ 6:45

ಕಣದಮನೆ ಅಕ್ಕ ಹೇಳಿದ ನೆಲವನ್ನು ನಾನು ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತು! ಅವರು ವಿವರಿಸಿದ್ದು ರಫ್‌ನೆಸ್ ಮ್ಯಾಪ್ ಅನ್ನೇ. ಬಣ್ಣ ಎಲ್ಲೆಡೆ ಒಂದೇ, ಹೊಳಪು ಮಾತ್ರ ಬೇರೆ. ಬೂದು ಬಣ್ಣದ ಒಂದು ಚಿತ್ರ ತೆಗೆದುಕೊಂಡು, ಜನ ನಡೆಯುವಲ್ಲಿ ಗಾಢವಾಗಿ, ಮೂಲೆಯಲ್ಲಿ ತಿಳಿಯಾಗಿ ಕುಂಚದಲ್ಲಿ ಕೈಯಾರೆ ಬಳಿಯಿರಿ. ನಡೆಯುವ ದಾರಿಗೆ 0.2, ಮೂಲೆಗೆ 0.5ರಿಂದ ಶುರುಮಾಡಿ, ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಹತ್ತು ನಿಮಿಷದ ಕೆಲಸ.

ಪಾಚಿಯ ಬಗ್ಗೆ ಒಂದು ಮಾತು. ಯೂಟ್ಯೂಬ್ ಪಾಠಗಳಲ್ಲಿ ಪಾಚಿಯನ್ನು ಬಡಗಣ ಗೋಡೆಗೆ ಹಾಕಿ ಎನ್ನುತ್ತಾರೆ. ಅದು ಯೂರೋಪಿನ ಲೆಕ್ಕ, ಅಲ್ಲಿ ಬಡಗಣ ಗೋಡೆಗೆ ಬಿಸಿಲು ಕಡಿಮೆ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಬಡಗಣಕ್ಕೇ ವಾಲಿರುತ್ತಾನೆ. ನಮ್ಮ ಗೋಡೆಯ ಹಸಿರನ್ನು ತೀರ್ಮಾನಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ. ಮುಂಗಾರು ನೈಋತ್ಯದಿಂದ ಬಡಿಯುತ್ತದೆ, ಪಡುವಣ ಮತ್ತು ತೆಂಕಣ ಗೋಡೆ ಮೊದಲು ಹಸಿರಾಗುತ್ತವೆ. ನಾನು ಇಲ್ಲಿಯ ಮನೆಗಳಿಗೆ ಮೂರು ಪದರ ಹಾಕುತ್ತೇನೆ. ಬುಡದಿಂದ ಎರಡಡಿಯವರೆಗೆ ಕೆಮ್ಮಣ್ಣಿನ ಸಿಡಿತ, ಮೇಲಕ್ಕೆ ಹೋದಂತೆ ಕರಗುವಂತೆ. ಎರಚಲಿನ ಗೋಡೆಗೆ ಹಸಿರು, ಸೂರಿನ ಕೆಳಗಿನ ಒಣ ಪಟ್ಟಿಯನ್ನು ಬಿಟ್ಟು. ಕಿಟಕಿಯ ಕೆಳಚೌಕಟ್ಟಿನ ಎರಡು ತುದಿಯಿಂದ ಇಳಿಯುವ ಕಪ್ಪು ಗೆರೆ. ಆ ಒಣ ಪಟ್ಟಿ ಮರೆತರೆ ಉಳಿದದ್ದೆಲ್ಲ ಸುಳ್ಳಾಗಿ ಕಾಣುತ್ತದೆ.

ನೆನೆದ ಗೋಡೆ ತೋರಿಸಲು ಬರಿಯ ಹೊಳಪು ಹೆಚ್ಚಿಸಬೇಡಿ. ಜಂಬಿಟ್ಟಿಗೆ, ಹೆಂಚು, ಗಾರೆ ಇವೆಲ್ಲ ನೀರು ಕುಡಿಯುವ ವಸ್ತುಗಳು. ನೀರು ಕುಡಿದಾಗ ಮೊದಲು ಗಾಢವಾಗುತ್ತವೆ, ಮೇಲೆ ನೀರಿನ ಪೊರೆ ನಿಂತಾಗ ಮಾತ್ರ ಹೊಳೆಯುತ್ತವೆ. ಎಣ್ಣೆ ಬಣ್ಣ ಬಳಿದ ಬಾಗಿಲು ನೀರು ಕುಡಿಯುವುದಿಲ್ಲ, ಅದರ ಬಣ್ಣ ಹಾಗೇ ಇರುತ್ತದೆ.

ತೂಗುಗುಂಡು, ಜೂನ್ 11, ರಾತ್ರಿ 9:50

ಬಣ್ಣದ ಮಾತು ಬಂದದ್ದಕ್ಕೆ ನನ್ನ ಗಾಯವನ್ನೂ ತೋರಿಸುತ್ತೇನೆ. ಒಂದು ಕಡೆ ಚಿತ್ರದಲ್ಲಿ ಜಂಬಿಟ್ಟಿಗೆ ಗೋಡೆಯನ್ನು ಗಾಢ ಕಂದು ಬಣ್ಣದಲ್ಲಿ, ನೂರು ವರ್ಷ ಹಳೆಯ ಮನೆಯ ಹಾಗೆ ತೋರಿಸಿದ್ದರು. ಲಾರಿಯಿಂದ ಇಳಿದ ಕಲ್ಲು ಕಿತ್ತಳೆಗೆ ಹತ್ತಿರದ ಕೆಂಪು, ಅಲ್ಲಲ್ಲಿ ಹಳದಿ ಮಚ್ಚೆ. ಆಗಷ್ಟೇ ಕತ್ತರಿಸಿದ ಕಲ್ಲು ಹಾಗೆಯೇ ಇರುತ್ತದೆ, ಗಾಳಿ ಮಳೆಗೆ ಒಡ್ಡಿಕೊಂಡಂತೆ ಗಟ್ಟಿಯೂ ಆಗುತ್ತದೆ, ಕಪ್ಪೂ ಆಗುತ್ತದೆ. ಯಜಮಾನರು ಒಪ್ಪಲಿಲ್ಲ. ಮೋಸ ಮಾಡಿದೆ ಎಂದರು. ಎರಡು ಲೋಡು ವಾಪಸ್ಸು ಹೋಯಿತು, ಬಾಡಿಗೆ ನನ್ನ ಕೈಯಿಂದ. ಕೊನೆಗೆ ಮೂರನೆಯ ಲೋಡು ಅದೇ ಬಣ್ಣದ್ದು ಬಂದಾಗ ಸುಸ್ತಾಗಿ ಒಪ್ಪಿಕೊಂಡರು.

ಅಂದಿನಿಂದ ನಾನು ಮಾಡುವುದು ಇಷ್ಟೆ. ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಕಲ್ಲು, ಒಂದು ಹೆಂಚು ತಂದು ಅಂಗಳದಲ್ಲಿಟ್ಟು, ಒಂದು ಬಕೆಟ್ ನೀರು ಸುರಿದು ತೋರಿಸುತ್ತೇನೆ. ಕರಡುಹಾಳೆಯವರು ಚಿತ್ರ ಮಾಡುವ ಮೊದಲು ಆ ಕಲ್ಲು ಯಾವ ಊರಿನ ಕ್ವಾರಿಯಿಂದ ಬರುತ್ತದೆಂದು ಕೇಳಲಿ. ಘಟ್ಟದ ಕೆಳಗಿನ ಕಲ್ಲೇ ಬೇರೆ ಕೆಂಪು. ಬಾರದ ಕಲ್ಲಿನ ಟೆಕ್ಸ್ಚರ್ ಎಷ್ಟು ಚೆನ್ನಾಗಿದ್ದರೇನು?

ಮೆಟ್ಟಿಲಿನ ವಿಷಯ. ಚಿತ್ರದಲ್ಲಿ ಕರಿಕಲ್ಲಿಗೆ ಪಾಲಿಶ್ ಕೊಟ್ಟು ಫಳಫಳ ಹೊಳೆಸಿದ್ದೀರಿ. ಯಜಮಾನರು ಅದನ್ನೇ ಕೇಳುತ್ತಾರೆ. ಸಕಲೇಶಪುರದ ಮಳೆಗೆ ಹೊರಗಿನ ಮೆಟ್ಟಿಲಿಗೆ ಪಾಲಿಶ್ ಕಲ್ಲು ಹಾಕಿದರೆ, ನಿಮ್ಮ ರಫ್‌ನೆಸ್ ಗುಂಡಿಯ ಆ ಒಂದು ಅಂಕಿ ಮನೆಯ ಅಜ್ಜಿಯ ಸೊಂಟದ ಮೇಲೆ ಬಂದು ಕೂರುತ್ತದೆ. ಉಳಿಯಿಂದ ಚುಕ್ಕಿ ಹೊಡೆದ ಕಲ್ಲನ್ನೋ ಬೆಂಕಿ ತಾಗಿಸಿ ಒರಟು ಮಾಡಿದ ಕಲ್ಲನ್ನೋ ತೋರಿಸಿ. ಅದೇ ಕಲ್ಲು ಆಗ ಕಪ್ಪಾಗಿ ಕಾಣುವುದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನೂ ಈಗಲೇ ನೋಡಿಬಿಡಲಿ.

ಪೆನ್ಸಿಲ್‌ಮೊನೆ (ಹಾಸನ), ಜೂನ್ 12, ಬೆಳಿಗ್ಗೆ 10:05

ಇಷ್ಟು ಹೊತ್ತು ಸುಮ್ಮನೆ ಓದಿದೆ. ಒಂದು ಅಪಸ್ವರ.

ನಾನು ಕೈಯಲ್ಲಿ ಬಿಡಿಸಿ ಕಲಿತವನು. ಕಲ್ಲಿನ ಗೋಡೆಗೆ ನಾಲ್ಕು ಕಲ್ಲು ಮಾತ್ರ ಬಿಡಿಸಿ ಉಳಿದದ್ದನ್ನು ಖಾಲಿ ಬಿಡುತ್ತಿದ್ದೆವು. ನೋಡುವವರು ಉಳಿದ ಕಲ್ಲುಗಳನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಈಗ ಮೊದಲ ಭೇಟಿಗೇ ಪಾಚಿ, ಸಿಡಿತ, ಉಯ್ಯಾಲೆಯ ಗುರುತು ಎಲ್ಲವನ್ನೂ ತೋರಿಸಿಬಿಟ್ಟರೆ ಮಾತುಕತೆ ಅಲ್ಲಿಗೆ ಮುಗಿಯುತ್ತದೆ. ಯಜಮಾನರು ಕೋಣೆಯ ಅಳತೆ ನೋಡುವುದಿಲ್ಲ, ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳುವುದಿಲ್ಲ, ಸೋಫಾದ ಬಣ್ಣ ಬದಲಿಸಿ ಎನ್ನುತ್ತಾರೆ. ಅಷ್ಟಕ್ಕೂ ನಿಜದ ಹಾಗೆ ಕಾಣುವ ಚಿತ್ರ ನಿಜವಲ್ಲ. ತೂಗುಗುಂಡು ಅವರ ವಾಪಸ್ಸು ಹೋದ ಎರಡು ಲೋಡೇ ಅದಕ್ಕೆ ಸಾಕ್ಷಿ. ಪೆನ್ಸಿಲ್ ಚಿತ್ರ ತೋರಿಸಿದ್ದರೆ ಬಣ್ಣದ ಜಗಳ ಹುಟ್ಟುತ್ತಲೇ ಇರಲಿಲ್ಲ.

ಮೊದಲು ಎಲ್ಲವೂ ಒಂದೇ ಬೂದು ಬಣ್ಣದಲ್ಲಿರುವ ಮಾದರಿ ತೋರಿಸಿ. ಅದು ಒಪ್ಪಿಗೆಯಾದ ಮೇಲೆ ಕಲ್ಲಿಗೆ ಕೈ ಹಾಕಿ.

ಮಳೆಬೆಳಕು, ಜೂನ್ 12, ಬೆಳಿಗ್ಗೆ 11:20

ಬೂದು ಮಾದರಿಯ ಮಾತು ಒಪ್ಪುತ್ತೇನೆ ಸರ್, ಬೆಳಕು ಕೂರಿಸಲೂ ಅದೇ ಒಳ್ಳೆಯದು. ಆದರೆ ಪೆನ್ಸಿಲ್ ಚಿತ್ರಕ್ಕೆ ನನ್ನ ಗಿರಾಕಿಗಳು ಹಣ ಕೊಡುವುದಿಲ್ಲ.

ಪೆನ್ಸಿಲ್‌ಮೊನೆ, ಜೂನ್ 12, ಬೆಳಿಗ್ಗೆ 11:24

ನನಗೂ ಕೊಡುತ್ತಿರಲಿಲ್ಲ.

ಬಳಪದಕಲ್ಲು (ಬೇಲೂರು), ಜೂನ್ 13, ರಾತ್ರಿ 8:30

ಜಂಬಿಟ್ಟಿಗೆ ಎಂಬ ಹೆಸರಿನಲ್ಲೇ ಇಟ್ಟಿಗೆ ಇದೆ, ವಸ್ತು ಮಾತ್ರ ನೆಲದಿಂದ ಕತ್ತರಿಸಿ ತೆಗೆದ ಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು 1807ರಲ್ಲಿ ಪ್ರಕಟವಾದ ಬರಹದಲ್ಲಿ ಲ್ಯಾಟರೈಟ್ ಎಂದು ಕರೆದ. ಅದೂ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ ಬಂದದ್ದು. ಇದು ಚರ್ಚೆಗೆ ಬೇಕಿಲ್ಲ, ತಡೆಯಲಾಗಲಿಲ್ಲ.

ಬೇಕಾದದ್ದು ಇದು. ರಫ್‌ನೆಸ್ ಎಂದರೇನು ಎಂದು ಕಣ್ಣಾರೆ ನೋಡಬೇಕಾದವರು ಬೇಲೂರಿಗೆ ಬನ್ನಿ. ಚೆನ್ನಕೇಶವ ದೇವಾಲಯದ ಹೊರಗೋಡೆ ಮತ್ತು ನವರಂಗದ ಕಂಬಗಳು ಒಂದೇ ಬಗೆಯ ಕಲ್ಲಿನವು, ನಾವು ಬಳಪದ ಕಲ್ಲು ಎನ್ನುವುದು. ಗಣಿಯಿಂದ ಬಂದಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಂದಿನಿಂದ ಹೊರಗೋಡೆ ಒಂಬೈನೂರು ಮಳೆಗಾಲ ಕಂಡಿದೆ, ಅಲ್ಲಿ ಕಲ್ಲು ಮಂಕು ಬೂದು. ಒಳಗೆ ತಿರುಗಿಸಿ ನುಣುಪು ಮಾಡಿದ ಕಂಬದ ಬಳೆಗಳಲ್ಲಿ ಬಾಗಿಲ ಬೆಳಕು ಇಂದಿಗೂ ಗೆರೆಯಾಗಿ ಹೊಳೆಯುತ್ತದೆ. ನೋಡುವವರು ಎರಡು ಬೇರೆ ಕಲ್ಲು ಎಂದುಕೊಳ್ಳುತ್ತಾರೆ. ಅಲ್ಲಿಂದ ಶ್ರವಣಬೆಳಗೊಳಕ್ಕೆ ಹೋದರೆ ವಿಂಧ್ಯಗಿರಿಯ ಬಂಡೆ ಗ್ರಾನೈಟು. ಬಿಸಿಲಿನಲ್ಲಿ ಹರಳು ಹರಳಾಗಿ ಮಿನುಗುತ್ತದೆ, ಬಳಪದ ಕಲ್ಲು ಎಂದೂ ಹಾಗೆ ಮಿನುಗುವುದಿಲ್ಲ. ಎರಡಕ್ಕೂ ಒಂದೇ ಬೂದು ಕಲ್ಲಿನ ಟೆಕ್ಸ್ಚರ್ ಹಾಕಿದ "ಹೊಯ್ಸಳ ಶೈಲಿ" ಹೋಟೆಲುಗಳ ಚಿತ್ರ ನೋಡಿ ನೋಡಿ ಕಣ್ಣು ನೋಯುತ್ತಿದೆ.

ನೀರು ಗೋಡೆಯ ಮೇಲೆ ಹೇಗೆ ಬರೆಯುತ್ತದೆ ಎಂದು ನೋಡಬೇಕಾದರೆ ಶೆಟ್ಟಿಹಳ್ಳಿಯ ಪಾಳು ಚರ್ಚು. ಗೊರೂರು ಅಣೆಕಟ್ಟೆಯ ಹಿನ್ನೀರು ಏರಿದಾಗ ಅರ್ಧ ಮುಳುಗಿ, ಇಳಿದಾಗ ಮೇಲೇಳುತ್ತದೆ. ಗೋಡೆಯ ಮೇಲೆ ನೀರು ನಿಂತ ಮಟ್ಟದ ಗೆರೆಗಳು ಒಂದರ ಕೆಳಗೊಂದು.

ಟೆಕ್ಸ್ಚರ್ ಇಳಿಸಿಕೊಳ್ಳುವ ಬದಲು ನೀವೇ ತೆಗೆಯಿರಿ. ಈಗಿನಂಥ ಕಾಲ ಸಿಗುವುದಿಲ್ಲ. ಮೋಡ ಕವಿದ ಜೂನ್ ಹಗಲು ಎಂದರೆ ಆಕಾಶದಗಲದ ಬಿಳಿ ದೀಪ, ನೆರಳೇ ಬೀಳುವುದಿಲ್ಲ. ನೆರಳು ಬಿದ್ದ ಫೋಟೋ ತೆಗೆದರೆ ಆ ನೆರಳು ಬಣ್ಣದಲ್ಲೇ ಅಚ್ಚಾಗಿ, ರೆಂಡರ್‌ನಲ್ಲಿ ಸೂರ್ಯ ಒಂದು ಕಡೆ, ನೆರಳು ಇನ್ನೊಂದು ಕಡೆ. ಮಳೆ ಬಿಟ್ಟು ಗೋಡೆ ಆರಿದ ಹೊತ್ತು ನೋಡಿ. ಗೋಡೆಗೆ ನೇರ ಎದುರು ನಿಂತು, ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಹತ್ತಿರ ನಿಂತರೆ ಮೊಬೈಲಿನ ಲೆನ್ಸ್ ಅಂಚುಗಳನ್ನು ಬಗ್ಗಿಸುತ್ತದೆ. ಒಂದು ಫೋಟೋದಲ್ಲಿ ಅಳತೆ ಟೇಪು, ಒಂದರಲ್ಲಿ ಬೂದು ಕಾರ್ಡು (ಬಣ್ಣ ಸರಿಹೊಂದಿಸಲು) ಇರಲಿ. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಒಮ್ಮೆ ಬಿಗಿದ ಮೇಲೆ ಮುಟ್ಟಬೇಡಿ.

ಮಳೆಬೆಳಕು, ಜೂನ್ 13, ರಾತ್ರಿ 9:12

ಒಂದೇ ಒಂದು ಸೇರಿಸುತ್ತೇನೆ. ಒಂದೇ ಫೋಟೋ ಹರಡಿದರೆ ಅದೇ ಒಡೆದ ಹೆಂಚು ಮಾಡಿನ ಮೇಲೆ ಹನ್ನೆರಡು ಕಡೆ ಕಾಣಿಸಿಕೊಳ್ಳುತ್ತದೆ. ಎದ್ದು ಕಾಣುವ ಕಲೆಗಳನ್ನು ಮೊದಲು ಅಳಿಸಿ, ಆಮೇಲೆ ಬೇಕಾದಲ್ಲಿ ಕೈಯಿಂದ ಹಾಕಿ. ಹೆಂಚುಗಳನ್ನು ಬಿಡಿಬಿಡಿಯಾಗಿ ಮಾದರಿ ಮಾಡಿದ್ದರೆ ಬ್ಲೆಂಡರ್‌ನಲ್ಲಿರುವ ಆಬ್ಜೆಕ್ಟ್ ಇನ್ಫೋ ನೋಡ್‌ನ ರ‍್ಯಾಂಡಮ್‌ನಿಂದ ಒಂದೊಂದಕ್ಕೂ ಸ್ವಲ್ಪ ಬಣ್ಣ ಬದಲಿಸಬಹುದು. ಸ್ವಲ್ಪ ಎಂದರೆ ಸ್ವಲ್ಪ. ಅತಿ ಮಾಡಿದರೆ ಹೋಳಿ ಹಬ್ಬ.

ಚೂಪು ಅಂಚುಗಳಿಗೆ ಎರಡು ಮೂರು ಮಿಲಿಮೀಟರ್ ಬೆವೆಲ್ ಕೊಡಿ, ಅಂದರೆ ಅಂಚನ್ನು ಸ್ವಲ್ಪ ಸವೆಸಿ. ಮೆಟ್ಟಿಲಿನ ಅಂಚಿನ ಮೇಲೆ ಬೆಳಕಿನ ಎಳೆಯೊಂದು ಕೂತಾಗಲೇ ಅದು ಕಲ್ಲು ಎಂದು ನಂಬಿಕೆ ಬರುತ್ತದೆ.

ಕರಡುಹಾಳೆ (ಹಾಸನ), ಜೂನ್ 22, ರಾತ್ರಿ 10:15

ಎರಡು ವಾರದ ವರದಿ.

ಭಾನುವಾರ ಹಳೆಯ ಮನೆ ಕೆಡವಿದ ಸಾಮಾನು ಮಾರುವ ಗುಜರಿಗೆ ಹೋಗಿ 43 ಹೆಂಚುಗಳ ಫೋಟೋ ತೆಗೆದೆ. ಅಂಗಡಿಯವರು "ಫೋಟೋಕ್ಕೆ ಎಷ್ಟು ಕೊಡುತ್ತೀರಿ?" ಎಂದು ಕೇಳಿದರು, ಕೊನೆಗೆ ಒಂದು ಗಾಜಿನ ಹೆಂಚು ಕೊಂಡು ಬಂದೆ. ಜಂಬಿಟ್ಟಿಗೆಯ ಮಾದರಿ ಕಲ್ಲನ್ನು ಯಜಮಾನರೇ ತರಿಸಿದರು. ಅದನ್ನು ಒಣಗಿದ್ದಾಗ ಒಮ್ಮೆ, ಬಕೆಟ್ ನೀರು ಸುರಿದು ಒಮ್ಮೆ ತೆಗೆದೆ. ಟೆಕ್ಸ್ಚರ್ ಎಲ್ಲವೂ 2ಕೆ. ಈಗ ಕಂಪ್ಯೂಟರ್ ನಿಲ್ಲುತ್ತಿಲ್ಲ, ಬರಿಯ ನಿಧಾನ.

ಪೆನ್ಸಿಲ್‌ಮೊನೆ ಸರ್ ಮಾತಿನಂತೆ ಮೊದಲು ಬೂದು ಮಾದರಿ ತೋರಿಸಿದೆ. ಐದನೆಯ ಕೋಣೆಯ ಬಾಗಿಲು ಅಡುಗೆಮನೆಯ ಕಡೆಗೆ ತೆರೆಯುವುದು ಆಗ ಅವರ ಕಣ್ಣಿಗೆ ಬಿತ್ತು. ಬಣ್ಣವಿದ್ದ ಮೊದಲ ಚಿತ್ರದಲ್ಲೂ ಅದೇ ಬಾಗಿಲಿತ್ತು, ಯಾರೂ ನೋಡಿರಲಿಲ್ಲ.

ಆಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟೆ. ಒಂದು ಗೃಹಪ್ರವೇಶದ ದಿನದ್ದು: ಕಿತ್ತಳೆ ಕಲ್ಲು, ಹೊಸ ಹೆಂಚು, ಮೆಟ್ಟಿಲಿಗೆ ಚುಕ್ಕಿ ಹೊಡೆದ ಕಲ್ಲು. ಇನ್ನೊಂದು ಐದು ಮಳೆಗಾಲದ ನಂತರದ್ದು: ಪಡುವಣ ಗೋಡೆ ಹಸಿರು, ಬುಡಕ್ಕೆ ಕೆಮ್ಮಣ್ಣು, ಸೂರಿನ ಕೆಳಗೆ ಒಣ ಪಟ್ಟಿ. ನನ್ನ ಕಚೇರಿಯ ಹಿರಿಯರು ಎರಡನೆಯದನ್ನು ತೋರಿಸಲೇಬೇಡ ಎಂದಿದ್ದರು. "ಹಾಳುಬಿದ್ದ ಮನೆಗೆ ಯಾರಾದರೂ ಮುಂಗಡ ಕೊಡುತ್ತಾರೆಯೇ?" ಎಂಬುದು ಅವರ ಪ್ರಶ್ನೆ. ಎದೆ ಡವಡವ ಎನ್ನುತ್ತಲೇ ತೋರಿಸಿದೆ.

ಯಜಮಾನರು ಈ ಸಲ ಕನ್ನಡಕ ಒರೆಸಲಿಲ್ಲ. ಎರಡನೆಯ ಚಿತ್ರದ ಒಣ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ಇಷ್ಟೇ ಏಕೆ?" ಎಂದರು. ಸೂರು ಒಂದೂವರೆ ಅಡಿ ಇದೆ, ಅದಕ್ಕೇ ಎಂದೆ. "ಎರಡೂವರೆ ಮಾಡಿದರೆ?" ಅಲ್ಲಿಯೇ ಕೂತು ಬದಲಿಸಿ, ಪಟ್ಟಿಯನ್ನು ಕೆಳಗಿಳಿಸಿ, ಸಣ್ಣ ಗಾತ್ರದಲ್ಲಿ ರೆಂಡರ್ ಮಾಡಿ ತೋರಿಸಿದೆ. ಹಸಿರು ಕಿಟಕಿಯ ಕೆಳಗೆ ಸರಿಯಿತು. "ಹಾಗೇ ಇರಲಿ" ಎಂದರು. ಸೊಸೆ ಉಯ್ಯಾಲೆಯ ಕೆಳಗಿನ ಹೊಳಪನ್ನು ನೋಡಿ ನಕ್ಕರು, ಏನೂ ಹೇಳಲಿಲ್ಲ. ಕಣದಮನೆ ಅಕ್ಕ, ಅದು ನಿಮ್ಮದು.

ಇನ್ನೂ ಸರಿಹೋಗದ್ದು ಮಾಡಿನ ನೆತ್ತಿ. ಅಲ್ಲಿ ಹೆಂಚುಗಳ ನಡುವೆ ಬಳಿದ ಗಾರೆ ಎಷ್ಟು ಬಳಿದರೂ ಟೂತ್‌ಪೇಸ್ಟಿನ ಹಾಗೆ ಕಾಣುತ್ತದೆ. ಯಾರ ಬಳಿಯಾದರೂ ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಹಾಕಿ.

ತೂಗುಗುಂಡು, ಜೂನ್ 22, ರಾತ್ರಿ 10:48

ಫೋಟೋ ನಾಳೆ ಹಾಕುತ್ತೇನೆ, ಏಣಿ ಹತ್ತಬೇಕು. ಅದಕ್ಕಿಂತ ಮೊದಲು ಒಂದು ವಿಷಯ. ಸೂರು ಎರಡೂವರೆ ಅಡಿ ಹೊರಗೆ ಬಂದರೆ ಈಗಿರುವ ಪಕಾಸಿಗಳು (ಮಾಡನ್ನು ಹೊರುವ ಓರೆ ಮರಗಳು) ತುದಿಯಲ್ಲಿ ಬಾಗುತ್ತವೆ, ನೆನೆದ ಹೆಂಚಿನ ತೂಕ ಬೇರೆ. ಗೋಡೆಯಿಂದ ಆನಿಕೆ ಕೊಡಬೇಕು, ಇಲ್ಲವೇ ಪಕಾಸಿಯ ದಪ್ಪ ಹೆಚ್ಚಿಸಬೇಕು. ನಿಮ್ಮ ಚಿತ್ರದಲ್ಲಿ ಎರಡೂ ಕಾಣುತ್ತಿಲ್ಲ. ಅಡ್ಡಕೊಯ್ತದ ನಕ್ಷೆ ಕಳುಹಿಸಿ.